ಕಂಪ್ಲಿಯಾಗ ಹಿಂಗ ಮಾಡಂಗಿಲ್ಲ

ನಮ್ಮ ಭಾವ ಪರದೇಶವಾಸಿ. ಹುಟ್ಟೂರು ಬಿಟ್ಟು ಮೂವತ್ತು ವರ್ಷದ ಮೇಲಾಯಿತು. ಇವತ್ತಿಗೂ ಊರಿನ ಹೆಸರೆತ್ತಿದರೆ ಸಾಕು, ಅಲ್ಲಿಯ ನೀರೇನು, ಗಾಳಿಯೇನು, ಊಟವೇನು ಎಂದು ಶುರು ಮಾಡಿ, ಕೊನೆಗೊಂದು ಉದ್ದನೆಯ ನಿಟ್ಟುಸಿರು ಬಿಟ್ಟು ಟವೆಲ್ಲಿನಲ್ಲಿ ಮುಖ ಒರೆಸಿಕೊಳ್ಳುತ್ತಾರೆ. ಎದುರಿಗೆ ಹೊಸಬರು ಕೂತಿದ್ದರೆ, ಪಾಪ, ಈ ಮನುಷ್ಯ ಯಾವ ಸಮುದ್ರ ದಾಟಿ ಬಂದಿದ್ದಾನೋ ಎಂದು ಅವರ ಕರುಳೂ ಚುರ್ ಎನ್ನುತ್ತದೆ. ನಾನು ಅಲ್ಲಿದ್ದರೆ ಆ ಕರುಣೆಗೆ ಅವಕಾಶ ಕೊಡುವುದಿಲ್ಲ. ಅವರ ಹುಟ್ಟೂರು ಕಂಪ್ಲಿ. ಈಗ ಇರುವುದು ಹೊಸಪೇಟೆ. ನಡುವೆ ಬಸ್ಸಿನಲ್ಲಿ ಒಂದು ಗಂಟೆಯ ದಾರಿ, ಅದೂ ಬುಕ್ಕಸಾಗರದ ಹತ್ತಿರ ಎಮ್ಮೆಗಳು ಅಡ್ಡ ಬಂದರೆ!

ಅಷ್ಟು ನೆನಪಾದರೆ ಹೋಗಿ ಬರಬಾರದೇ ಎಂದು ನಾನೂ ಕೇಳಿದ್ದೇನೆ. "ಹೋಗಿ ಬರೋಕ ಅದೇನು ಸಂತೀ ಏನವ್ವ? ಹುಟ್ಟಿದೂರು ಅದು" ಎನ್ನುತ್ತಾರೆ. ಇದಕ್ಕೆ ಏನು ಉತ್ತರ ಕೊಡುತ್ತೀರಿ? ಇನ್ನು ನೀರಿನ ವಿಷಯ. ಅಲ್ಲಿಯೂ ಅದೇ ತುಂಗಭದ್ರೆ, ಇಲ್ಲಿಯೂ ಅದೇ ತುಂಗಭದ್ರೆ. ನಮ್ಮ ಡ್ಯಾಮು ಬಿಟ್ಟಮೇಲೆ ತಾನೇ ಹೊಳೆ ಅವರೂರಿಗೆ ಹೋಗುವುದು? ಅದಕ್ಕೂ ಅವರಲ್ಲಿ ಉತ್ತರವಿದೆ. "ನಿಮ್ಮ ಡ್ಯಾಮಿನಾಗ ನಿಂತು ನಿಂತು ನೀರಿಗೆ ಬ್ಯಾಸರ ಆಗಿರ್ತೈತಿ. ಕಂಪ್ಲಿ ಮುಟ್ಟೋದ್ರಾಗ ಚಲೋತ್ನಾಗಿ ಸುಧಾರಿಸ್ಕೊಂಡಿರ್ತೈತಿ."

ನನಗೆ ಸಿಟ್ಟು ಬರುವುದು ಸುಮ್ಮನೆ ಅಲ್ಲ. ನಾನು ಹುಟ್ಟಿದ್ದು ಹೊಸಪೇಟೆ, ಬೆಳೆದದ್ದು ಹೊಸಪೇಟೆ, ಮದುವೆಯಾಗಿ ತವರು ಬಿಟ್ಟು ಅಳುತ್ತಾ ಹೋದದ್ದು ಎರಡು ಓಣಿ ಆಚೆಗೆ. ಈ ಊರಿನಲ್ಲಿ ಮನೆ ಕಟ್ಟಿ, ಈ ಊರಿನ ಹೆಣ್ಣನ್ನು ಅಂದರೆ ನಮ್ಮ ಅಕ್ಕನನ್ನು ಮದುವೆಯಾಗಿ, ಇಲ್ಲಿಂದಲೇ ದಿನಾ ಬಸ್ಸು ಹತ್ತಿ ತೋರಣಗಲ್ಲಿನ ಕಾರ್ಖಾನೆಗೆ ಶಿಫ್ಟಿಗೆ ಹೋಗಿ ಬಂದು, ಈಗ ನಿವೃತ್ತರಾಗಿ ಇದೇ ಊರಿನ ಕಟ್ಟೆಯ ಮೇಲೆ ಕೂತು, "ಹೊಸಪೇಟ್ಯಾಗ ತಿನ್ನಾಕ ಏನೈತ್ರಿ" ಎಂದರೆ ಯಾರ ಮೈ ಉರಿಯುವುದಿಲ್ಲ? ಉಂಡ ಮನೆಗೆ ಎರಡು ಬಗೆಯುವುದು ಎಂದರೆ ಮತ್ತೇನು?

ಒಂದೇ ಒಂದು ಸಲ ನಾನೂ ಅವರೂ ಒಂದೇ ಪಕ್ಷದಲ್ಲಿದ್ದೆವು. ಅದು ಮೈಸೂರಿನಲ್ಲಿ. ನೆಂಟರ ಮದುವೆಗೆ ಹೋಗಿದ್ದೆವು. ಬೆಳಿಗ್ಗೆ ಬಸ್ಸಿಳಿದು ಒಂದು ಹೋಟೆಲಿಗೆ ನುಗ್ಗಿದ್ದೇ ಭಾವ ಗತ್ತಿನಿಂದ ಹೇಳಿದರು.

"ಎಲ್ಲರಿಗೂ ಒಂದೊಂದ್ ಪ್ಲೇಟ್ ಒಗ್ಗರಣಿ. ಮಿರ್ಚಿ ಬಿಸೀವು ಇರ್ಲಿ."

ನಮ್ಮ ಕಡೆ ಒಗ್ಗರಣೆ ಎಂದರೆ ತಿಂಡಿ. ಮಂಡಕ್ಕಿಯನ್ನು ನೀರಲ್ಲಿ ನೆನೆಸಿ ಹಿಂಡಿ, ಈರುಳ್ಳಿ, ಹಸಿಮೆಣಸಿನಕಾಯಿ, ಹುರಿಗಡಲೆ ಪುಡಿ ಹಾಕಿ ಮಗುಚಿ, ಪಕ್ಕಕ್ಕೆ ಮೆಣಸಿನಕಾಯಿ ಬಜ್ಜಿ ಇಟ್ಟರೆ ಅದು ಒಗ್ಗರಣೆ-ಮಿರ್ಚಿ. ಬೆಳಗಾಯಿತು ಎಂದು ನಮಗೆ ಗೊತ್ತಾಗುವುದೇ ಅದರ ವಾಸನೆಯಿಂದ. ಆದರೆ ಮೈಸೂರಿನ ಮಾಣಿಗೆ ಅದೆಲ್ಲಿ ಗೊತ್ತು?

"ಒಗ್ಗರಣೆ ಯಾವುದಕ್ಕೆ ಸಾರ್?" ಅಂದ.

"ಯಾವುದಕ್ಕ ಅಂದ್ರ? ಹೊಟ್ಟಿಗೆ."

ಮಾಣಿ ಒಳಗೆ ಹೋದ, ಹೊರಗೆ ಬಂದ, ಮತ್ತೆ ಒಳಗೆ ಹೋದ. ಅಡುಗೆಮನೆಯಲ್ಲಿ ಏನು ಚರ್ಚೆ ನಡೆಯಿತೋ, ಕೊನೆಗೆ ಭಾವನ ಮುಂದೆ ಒಂದು ಪುಟ್ಟ ಬಟ್ಟಲು ತಂದಿಟ್ಟ. ಬಿಸಿ ಎಣ್ಣೆ, ಅದರಲ್ಲಿ ಸಾಸಿವೆ, ಕರಿಬೇವು. ಭಾವ ಬಹಳ ಹೊತ್ತು ಅದನ್ನೇ ನೋಡಿದರು.

"ಮಿರ್ಚಿ ಎಲ್ಲಪ್ಪ?" ಅಂದರು.

ಮಾಣಿ ಬಹಳ ವಿನಯದಿಂದ ಬಟ್ಟಲಿನೊಳಗೆ ತೇಲುತ್ತಿದ್ದ ಒಣಮೆಣಸಿನಕಾಯಿ ತೋರಿಸಿದ.

ಅವತ್ತು ನಾನೇ ಎದ್ದು ಜಗಳ ಆಡಿದೆ. ತಿಂಡಿ ಇಲ್ಲದಿದ್ದರೆ ಇಲ್ಲ ಅನ್ನಬೇಕು, ಇದೇನು ಅಪಹಾಸ್ಯ ಎಂದು ಹೋಟೆಲಿನವರನ್ನು ತರಾಟೆಗೆ ತೆಗೆದುಕೊಂಡೆ. ಹೊರಗೆ ಬಂದ ಮೇಲೆ ಭಾವ ಮೆಚ್ಚುಗೆಯಿಂದ ತಲೆದೂಗಿದರು. "ಏನೇ ಅನ್ನವ್ವ, ಈ ಮೈಸೂರಿಗಿಂತ ನಿಮ್ಮ ಹೊಸಪೇಟಿ ಒಂಚೂರು ವಾಸಿ." ಒಂಚೂರಂತೆ! ಆ ಮಾತು ಕೇಳಿ, ಇವರ ಪರವಾಗಿ ಯಾಕಾದರೂ ಬಾಯಿ ನೋಯಿಸಿಕೊಂಡೆನೋ ಅನ್ನಿಸಿತು.

ಒಗ್ಗರಣೆಯ ಮೇಲಿನ ಪ್ರೀತಿ ಏನೂ ಅಲ್ಲ. ಅವರ ನಿಜವಾದ ಹುಚ್ಚು ಕೋಳಿಯ ರೆಕ್ಕೆಯದು. ಕಂಪ್ಲಿಯಲ್ಲಿ ಸೇತುವೆಗೆ ಹೋಗುವ ದಾರಿಯಲ್ಲಿ ಸಂಜೆ ಹೊತ್ತು ಒಂದು ತಳ್ಳುಗಾಡಿ ನಿಲ್ಲುತ್ತಿತ್ತಂತೆ. ಅದರಲ್ಲಿ ಬರೀ ರೆಕ್ಕೆ. ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಹುಣಸೆಹುಳಿ ಅರೆದು ಸವರಿ, ಅಕ್ಕಿಹಿಟ್ಟಿನಲ್ಲಿ ಹೊರಳಿಸಿ, ಶೇಂಗಾ ಎಣ್ಣೆಯಲ್ಲಿ ಕರಿಯುತ್ತಿದ್ದರಂತೆ. ಮುತ್ತುಗದ ಎಲೆಯ ಮೇಲೆ ಹಾಕಿ, ಉಳ್ಳಾಗಡ್ಡಿ ಇಟ್ಟು ಕೊಟ್ಟರೆ ಎಲುಬೂ ಕರುಂ ಕುರುಂ ಅನ್ನುತ್ತಿತ್ತಂತೆ. ಆ ವಾಸನೆಗೆ ಹೊಳೆಯಾಚೆಯ ಜನ ಈ ದಂಡೆಗೆ ಬರುತ್ತಿದ್ದರಂತೆ. ಇದನ್ನು ಹೇಳುವಾಗ ಭಾವನ ಮೂಗಿನ ಹೊಳ್ಳೆ ಅರಳುತ್ತದೆ. ನನಗಂತೂ ಈ ಕಥೆ ಬಾಯಿಪಾಠ. ಬೇಕಾದರೆ ನಿದ್ದೆಗಣ್ಣಿನಲ್ಲಿ ಹೇಳಬಲ್ಲೆ.

"ತೊಡಿ ತಿನ್ನೋದು ಹೊಟ್ಟಿ ತುಂಬಿಸ್ಕೊಳ್ಳಾಕ" ಎಂಬುದು ಅವರ ಸಿದ್ಧಾಂತ. "ರೆಕ್ಕಿ ತಿನ್ನೋದು ಬಾಯಿ ತುಂಬಿಸ್ಕೊಳ್ಳಾಕ."

ಈ ಸಿದ್ಧಾಂತ ಹೊತ್ತುಕೊಂಡು ಅವರು ಹೋದಲ್ಲೆಲ್ಲ ನಮ್ಮ ಮಾನ ಕಳೆದಿದ್ದಾರೆ. ಒಮ್ಮೆ ಭಾನುವಾರ ಹಂಪಿಗೆ ಹೋಗಿದ್ದೆವು. ಬುಕ್ಕಸಾಗರದ ಸೇತುವೆ ದಾಟಿ ಹೊಳೆಯಾಚೆ, ವಿದೇಶಿಯರು ಇಳಿದುಕೊಳ್ಳುವ ಕಡೆ, ಒಂದು ಹೋಟೆಲು ಚೆನ್ನಾಗಿದೆಯೆಂದು ನನ್ನ ಗಂಡ ಕರೆದುಕೊಂಡು ಹೋದರು. ಕುರ್ಚಿ ಇಲ್ಲ, ನೆಲದ ಮೇಲೆ ಹಾಸಿಗೆ ದಿಂಬು. ಭಾವ ಬಾಣಂತಿಯ ಹಾಗೆ ದಿಂಬಿಗೊರಗಿ ಕೂತು, ಪಟ್ಟಿಯಲ್ಲಿ 'ವಿಂಗ್ಸ್' ಎಂದಿರುವುದನ್ನು ಬೆರಳಿಟ್ಟು ಓದಿ, ಅದನ್ನೇ ತರಿಸಿದರು. ತಟ್ಟೆ ಬಂತು. ರೆಕ್ಕೆಗಳೇನೋ ಇದ್ದವು. ಮೈತುಂಬ ಜೇನು ಸವರಿ, ಮೇಲೆ ಬಿಳಿ ಎಳ್ಳು ಉದುರಿಸಿದ್ದರು.

ಭಾವ ಒಂದು ಕಚ್ಚಿದರು. ಮುಖ ಕೆಂಪಾಯಿತು.

"ಎಳ್ಳು ಹಾಕ್ಯಾರ, ಸಿಹಿ ಹಾಕ್ಯಾರ. ಕೋಳಿಗೆ ಸಂಕ್ರಾಂತಿ ಮಾಡ್ಯಾರೇನು? ಕರೀರಿ ಆ ಅಡಿಗಿಯವನ್ನ."

ಪಕ್ಕದಲ್ಲಿ ಕೂತಿದ್ದ ಬಿಳಿಯ ದಂಪತಿ ತಮ್ಮ ತಟ್ಟೆ ಹತ್ತಿರ ಎಳೆದುಕೊಂಡರು. ನಾನು ದಿಂಬಿನ ಹಿಂದೆ ಮುಖ ಮುಚ್ಚಿಕೊಂಡೆ. ಅಡುಗೆಯವನು ಹೆಗಲ ಮೇಲಿನ ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತಾ ಬಂದು ನಿಂತ.

"ಯಾವೂರಪ್ಪ ನಿಂದು? ಕೋಳಿಗೆ ಜೇನು ಹಚ್ಚೋ ಊರು ಯಾವುದು?"

"ಕಂಪ್ಲಿರಿ."

ಭಾವ ಗಂಟಲು ಸರಿಮಾಡಿಕೊಂಡು, "ಕಂಪ್ಲಿಯಾಗ ಎಲ್ಲಿ?" ಅಂದರು.

"ಕ್ವಾಟಿ ಕಡೇರಿ."

ಕೋಟೆಯ ಕಡೆಯವನಂತೆ. ಮುಗಿಯಿತು. ಭಾವ ತಟ್ಟೆ ಹತ್ತಿರ ಎಳೆದುಕೊಂಡು ಒಂದು ಚೂರೂ ಬಿಡದೆ ತಿಂದರು. ಬೆರಳು ನೆಕ್ಕಿದರು. ದಾರಿಯುದ್ದಕ್ಕೂ, "ಏನ್ ಕೈ ನೋಡ್ರಿ ಆ ಹುಡುಗಂದು, ಜೇನನ್ನೂ ಹಿತಾ ಮಿತಾ ಹಚ್ಯಾನ" ಎಂದು ಹೊಗಳುತ್ತಾ ಬಂದರು. ಇಂಥವರನ್ನು ಏನು ಮಾಡಬೇಕು, ನೀವೇ ಹೇಳಿ.

ಹಂಪಿಯಲ್ಲಾದರೆ ಗುರುತಿನವರಿಲ್ಲ, ಹೋಗಲಿ ಅನ್ನಬಹುದು. ಸಂಡೂರಿನಲ್ಲಿ ಮಾಡಿದ್ದನ್ನು ಹೇಗೆ ಮರೆಯುವುದು? ಅಕ್ಕನ ಮಗಳನ್ನು ಸಂಡೂರಿಗೆ ಕೊಟ್ಟಿದ್ದೇವೆ. ಮದುವೆಯಾದ ಹೊಸದರಲ್ಲಿ ಬೀಗರು ನಮ್ಮನ್ನೆಲ್ಲ ಊಟಕ್ಕೆ ಕರೆದರು. ಬಹಳ ಮರ್ಯಾದಸ್ಥ ಜನ. ರಸ್ತೆಯ ಕೆಂಪು ಧೂಳು ಮೆತ್ತಿಕೊಂಡು ಇಳಿದ ನಮಗೆ ಬಿಸಿನೀರು ಕೊಟ್ಟು, ಮುಖ ತೊಳೆಸಿ, ಸಾಲಾಗಿ ಕೂರಿಸಿ ಬಡಿಸಿದರು. ಜೋಳದ ರೊಟ್ಟಿ, ಶೇಂಗಾ ಚಟ್ನಿ, ನಾಟಿ ಕೋಳಿ ಸಾರು. ನಮ್ಮ ಕಡೆ ಬೀಗರ ತಟ್ಟೆಗೆ ಕೋಳಿಯ ತೊಡೆ ಬೀಳಬೇಕು. ಅದು ಮರ್ಯಾದೆ. ರೆಕ್ಕೆ, ಕುತ್ತಿಗೆ ಎಲ್ಲ ಮನೆಯವರು ಆಮೇಲೆ ಒಳಗೆ ಕೂತು ತಿನ್ನುವಂಥವು. ಬೀಗರು ತಾವೇ ಎದ್ದು, ದೊಡ್ಡ ತೊಡೆ ಆರಿಸಿ, ಭಾವನ ತಟ್ಟೆಗೆ ಹಾಕಿದರು.

ಭಾವ ಅದನ್ನು ಎತ್ತಿ ಬೀಗರ ತಟ್ಟೆಗೇ ವಾಪಸು ಹಾಕಿದರು!

"ನನಗ ಇದು ಬ್ಯಾಡ್ರಿ. ರೆಕ್ಕಿ ಇದ್ರ ಹಾಕ್ರಿ."

ಬೀಗರ ಮೀಸೆ ಅದುರಿತು. "ಯಾಕ್ರಿ ಬೀಗ್ರ, ನಮ್ಮ ಮನಿ ತೊಡಿ ನಿಮಗ ಸಾಲಲಿಲ್ಲೇನು?"

"ಹಂಗಲ್ರಿ. ಕಂಪ್ಲಿಯಾಗ ತೊಡಿ ಯಾರೂ ಮುಟ್ಟಂಗಿಲ್ಲ."

ಬಾಗಿಲಲ್ಲಿ ನಿಂತಿದ್ದ ಬೀಗಿತ್ತಿ ಸುಮ್ಮನಿರಲಿಲ್ಲ. "ಹಂಗಾದ್ರ ಕಂಪ್ಲಿ ಕೋಳಿಗೆ ಕಾಲು ಇರಂಗಿಲ್ಲೇನ್ರಿ? ಹಾರ್ಕೊಂಡೇ ಇರ್ತಾವೇನು?"

ಎಲ್ಲರೂ ನಕ್ಕಿದ್ದಕ್ಕೆ ಸಂಬಂಧ ಉಳಿಯಿತು. ಅಂದಿನಿಂದ ಆ ಮನೆಯಲ್ಲಿ ನಮ್ಮ ಭಾವನಿಗೆ 'ರೆಕ್ಕಿ ಬೀಗರು' ಎಂದೇ ಹೆಸರು. ನನ್ನ ಅಕ್ಕ ಮಾತ್ರ ಕಾರಿನಲ್ಲಿ ಹೊಸಪೇಟೆಯವರೆಗೂ ಕಿಟಕಿಯ ಕಡೆಗೇ ಮುಖ ಮಾಡಿ ಕೂತಿದ್ದಳು.

ಇನ್ನು ಅಕ್ಕನ ಮಾತಿಗೆ ಬರುತ್ತೇನೆ. ನನ್ನ ನಿಜವಾದ ಸಿಟ್ಟು ಇರುವುದು ಇಲ್ಲಿ. ನಮ್ಮ ಅಕ್ಕನ ಕೈರುಚಿ ಇಡೀ ಓಣಿಗೆ ಗೊತ್ತು. ಯಾರ ಮನೆಯಲ್ಲಿ ಕೋಳಿ ತಂದರೂ ಮಸಾಲೆ ಅರೆಯುವ ಮೊದಲು ಅಕ್ಕನ ಬಾಗಿಲಿಗೆ ಒಂದು ಸಲ ಬಂದು ಹೋಗುತ್ತಾರೆ. ಅವಳು ಅಳತೆ ಹಿಡಿದವಳಲ್ಲ. ಕೈಯಲ್ಲಿ ತೆಗೆದು ಹಾಕುತ್ತಾಳೆ, ಅದೇ ಅಳತೆ. ಅವಳು ಕರಿದ ರೆಕ್ಕೆಯಿದೆಯಲ್ಲ, ಅದರ ಮುಂದೆ ಯಾವ ಕಂಪ್ಲಿ, ಯಾವ ತಳ್ಳುಗಾಡಿ! ಮೊದಮೊದಲು ಭಾವನಿಗೂ ಅಷ್ಟು ವಿವೇಕವಿತ್ತು. ಜಗತ್ತಿನ ಹೋಟೆಲುಗಳನ್ನೆಲ್ಲ ಬೈದು ಬಂದವರು ಅಕ್ಕನ ಅಡುಗೆಯ ಮುಂದೆ ಮಾತ್ರ ಕೊಂಕಿಲ್ಲದೆ ತಿನ್ನುತ್ತಿದ್ದರು. ಹೊಗಳುತ್ತಿರಲಿಲ್ಲ, ತೆಗಳುತ್ತಲೂ ಇರಲಿಲ್ಲ.

ಊರಿಗೆ ಊರೇ ಬಾಗಿಲು ಹಾಕಿಕೊಂಡು ಕೂತಿತ್ತಲ್ಲ, ಆ ವರ್ಷ ಅಕ್ಕನಿಗೂ ಆ ಜ್ವರ ಬಂತು. ದೇವರ ದಯೆ, ಎದ್ದು ಓಡಾಡಿದಳು. ಜ್ವರ ಬಂದದ್ದು ಅಕ್ಕನಿಗೆ, ನಾಲಿಗೆ ಕೆಟ್ಟದ್ದು ಭಾವನಿಗೆ! ಅಂದಿನಿಂದ ಅಕ್ಕ ಏನು ಮಾಡಿದರೂ ಅವರದು ಒಂದೇ ರಾಗ.

"ಕಂಪ್ಲಿಯಾಗ ಹಿಂಗ ಮಾಡಂಗಿಲ್ಲ. ಇನ್ನೊಂಚೂರು ಉಪ್ಪು ಮುಂದ ಇರ್ತೈತಿ."

ನಮ್ಮ ತಟ್ಟೆಗೆ ಬಡಿಸುವ ಮೊದಲೇ ಅಕ್ಕ ಒಳಗೆ ಹೋಗಿ ಉಪ್ಪು ಹಾಕಿ ತರುತ್ತಾಳೆ.

"ಕಂಪ್ಲಿಯಾಗ ಹುಳಿ ಇಷ್ಟು ಹಾಕಂಗಿಲ್ಲ."

ಅಕ್ಕ ಒಂದಿಷ್ಟು ಬೆಲ್ಲ ಹಾಕುತ್ತಾಳೆ. ಒಂದು ದಿನವಾದರೂ ಎದುರು ಮಾತಿಲ್ಲ. ಅಷ್ಟೇ ಅಲ್ಲ, ಬಡಿಸಿ ಆದ ಮೇಲೆ ಸೆರಗು ಹಿಡಿದುಕೊಂಡು ಅವರ ಬಾಯನ್ನೇ ನೋಡುತ್ತಾ ನಿಂತಿರುತ್ತಾಳೆ, ಪರೀಕ್ಷೆಯ ಫಲಿತಾಂಶಕ್ಕೆ ಕಾದವರ ಹಾಗೆ. ಓಣಿಗೆಲ್ಲ ಅಡುಗೆ ಹೇಳಿಕೊಡುವ ನನ್ನ ಅಕ್ಕ! ಅದನ್ನು ನೋಡಿದಾಗಲೆಲ್ಲ ನನಗೆ ಅಳುವೂ ಬರುತ್ತಿತ್ತು, ಆ ತಟ್ಟೆ ಎತ್ತಿ ಹಿತ್ತಿಲಿಗೆ ಎಸೆಯಬೇಕು ಅಂತಲೂ ಅನ್ನಿಸುತ್ತಿತ್ತು.

"ಅಷ್ಟೂ ವರ್ಷ ಸರಿ ಇದ್ದದ್ದು ಈಗ ಹೆಂಗ ತಪ್ಪಾತು? ನೀ ಯಾಕ ಸುಮ್ಮನಿರ್ತಿ?" ಎಂದು ಅಡುಗೆಮನೆಯಲ್ಲಿ ಅಕ್ಕನನ್ನು ಹಿಡಿದು ಕೇಳಿದೆ.

"ಅನ್ಲಿ ಬಿಡೇ. ಅಂದ್ರ ಏನು ಮೈಗೆ ಹತ್ತಿಕೊಳ್ತೈತೇನು" ಎಂದು ನಕ್ಕಳು. ಒಲೆಯ ಕಡೆ ತಿರುಗಿಕೊಂಡಳು. ನನಗೆ ಇನ್ನೂ ಉರಿಯಿತು.

ಈ ಕಂಪ್ಲಿಯ ಭೂತವನ್ನು ಒಂದು ಸಲ ಬಿಡಿಸಿಯೇ ತೀರಬೇಕೆಂದು ನಿರ್ಧರಿಸಿದೆ. ಒಂದು ಸಂಜೆ ನನ್ನ ಗಂಡನಿಗೆ ಕಾರು ತೆಗೆಸಿ, ಭಾವನನ್ನು ಮುಂದಿನ ಸೀಟಿನಲ್ಲಿ ಕೂರಿಸಿ, "ನಡೀರಿ ಭಾವ, ಆ ರೆಕ್ಕಿ ಗಾಡಿ ತೋರಿಸ್ರಿ. ನಾವೂ ತಿಂದು ನೋಡ್ತೀವಿ" ಅಂದೆ. ಮೊದಲು ಮಂಡಿನೋವು ಅಂದರು. ಆಮೇಲೆ ಅವತ್ತು ಅಮಾವಾಸ್ಯೆ ಅಂದರು. ಅಮಾವಾಸ್ಯೆಗೆ ಇನ್ನೂ ವಾರವಿತ್ತು. ಬಾಳೆತೋಟಗಳನ್ನು ದಾಟಿ ಹೋಗುವಾಗ ನಾನು ಹಿಂದಿನಿಂದ ನೋಡುತ್ತಲೇ ಇದ್ದೆ, ಹುಟ್ಟೂರು ಹತ್ತಿರ ಬಂದಷ್ಟೂ ಭಾವ ಸೀಟಿನಲ್ಲಿ ಕೆಳಗೆ ಕೆಳಗೆ ಜಾರುತ್ತಿದ್ದರು.

ಸೇತುವೆಯ ದಾರಿಯಲ್ಲಿ ಗಾಡಿ ಇರಲಿಲ್ಲ. ಇರಬೇಕೆಂದು ನಾನೂ ಎಣಿಸಿರಲಿಲ್ಲ, ಬಿಡಿ. ಒಂದು ಕಬಾಬ್ ಅಂಗಡಿ ಇತ್ತು, ಪಕ್ಕದಲ್ಲಿ ಒಬ್ಬ ಮುದುಕ ಬಾಳೆಹಣ್ಣು ಮಾರುತ್ತಾ ಕೂತಿದ್ದ. ಅವನು ಭಾವನನ್ನು ನೋಡಿದ್ದೇ ಕೂಗಿದ.

"ಏನಲೇ, ಇನ್ನೂ ಬದುಕೀ ಏನು?"

ಭಾವನ ಜೊತೆ ಸಾಲೆಗೆ ಹೋದವನಂತೆ. ನಾನು ಬಿಡುತ್ತೇನೆಯೇ? ರೆಕ್ಕೆಯ ಗಾಡಿಯ ವಿಷಯ ಕೇಳಿದೆ.

"ಹೌದ್ರಿ, ಇತ್ತು. ಅಂಗಡ್ಯಾಗ ಉಳಿದ ರೆಕ್ಕಿ ತಂದು ಕರೀತಿದ್ದ. ವಾಸನಿ ಭಾಳ ಮಸ್ತ್. ತಿನ್ನಾಕ ಹೋದ್ರ ಬರೀ ಉಪ್ಪು. ತಿಂದೋರು ಸೀದಾ ಹೊಳಿಗೆ ಓಡಿ ನೀರು ಕುಡೀತಿದ್ರು."

ನನ್ನ ಎದೆಯಲ್ಲಿ ತಂಪು ಗಾಳಿ ಬೀಸಿತು. ಆದರೂ ಇನ್ನೊಂದು ಕೇಳಿದೆ. "ನಮ್ಮ ಭಾವ ದಿನಾ ತಿಂತಿದ್ರಂತಲ್ಲ?"

"ಇವನಾ?" ಮುದುಕ ನಕ್ಕು ಕೆಮ್ಮಿದ. "ಇವನು ಎಲ್ಲಿ ತಿಂದಾನ್ರಿ? ಬೀದ್ಯಾಗ ತಿನ್ನೋದು ಇವರಪ್ಪ ಕಂಡ್ರ ಚರ್ಮ ಸುಲೀತಿದ್ದ. ಗಾಡಿ ಮಗ್ಗಲಾಗ ನಿಂತು ಬರೀ ವಾಸನಿ ತಗೊಂಡು ಮನಿಗೆ ಹೋಗ್ತಿದ್ದ."

ನೋಡಿದಿರಾ? ಮೂವತ್ತು ವರ್ಷ ನಮ್ಮೂರನ್ನು ಹೀಯಾಳಿಸಿದ್ದು, ಬೀಗರ ಮುಂದೆ ತಲೆ ತಗ್ಗಿಸುವ ಹಾಗೆ ಮಾಡಿದ್ದು, ಅಕ್ಕನ ಅಡುಗೆಗೆ ಹೆಸರಿಟ್ಟಿದ್ದು, ಎಲ್ಲ ತಿನ್ನದೇ ಇದ್ದ ರೆಕ್ಕೆಗಾಗಿ! ಭಾವ ಬಾಳೆಹಣ್ಣಿನ ಗೊನೆಯನ್ನೇ ಬಹಳ ಆಸಕ್ತಿಯಿಂದ ನೋಡುತ್ತಿದ್ದರು. ವಾಪಸು ಬರುವಾಗ ನಾನು ಗೆದ್ದವಳ ಹಾಗೆ ಕಾಲು ಚಾಚಿ ಕೂತೆ. ಇನ್ನು ಜನ್ಮದಲ್ಲಿ ಇವರ ಬಾಯಿಂದ ಕಂಪ್ಲಿಯ ಹೆಸರು ಬರುವುದಿಲ್ಲ ಎಂದುಕೊಂಡೆ.

ಮರುದಿನ ಮಧ್ಯಾಹ್ನ ನಾನು ಎದುರಿಗೆ ಕೂತಿರುವಾಗಲೇ, ಅಕ್ಕನ ಬೇಳೆಸಾರು ಒಂದು ಗುಟುಕು ಕುಡಿದು, ನನ್ನ ಮುಖ ತಪ್ಪಿಸಿ, ಮೆಲ್ಲಗೆ ಅಂದರು. "ಕಂಪ್ಲಿಯಾಗ ಹಿಂಗ ಮಾಡಂಗಿಲ್ಲ. ಉಪ್ಪು ಒಂಚೂರು ಮುಂದ ಇರ್ತೈತಿ."

ನಾಚಿಕೆ ಎಂಬುದು ಇರಬೇಡವೇ ಮನುಷ್ಯನಿಗೆ? ನಾನು ಊಟ ಬಿಟ್ಟು ಎದ್ದು ಬಂದೆ. ಒಂದು ತಿಂಗಳು ಆ ಮನೆಯ ಕಡೆ ತಲೆ ಹಾಕಲಿಲ್ಲ.

ಕೊನೆಗೆ ದೇವರೇ ನನ್ನ ಕಡೆ ನೋಡಿದ. ಭಾವನ ದವಡೆ ಊದಿತು. ಹಲ್ಲಿನ ಡಾಕ್ಟರು ನೋಡಿ, ಕೆಳಗಿನ ಸಾಲಿನಲ್ಲಿ ನಾಲ್ಕು ಹಲ್ಲು ಹೋಗಬೇಕು ಅಂದರಂತೆ. ಬೆಳಿಗ್ಗೆ ಹೋಗಿ ಕೀಳಿಸಿಕೊಂಡು, ಬಾಯಿ ತುಂಬ ಹತ್ತಿ ಇಟ್ಟುಕೊಂಡು ಬಂದಿದ್ದಾರೆ, ಮಾತಾಡಬಾರದಂತೆ, ಇಂಜೆಕ್ಷನ್ನಿಗೆ ನಾಲಿಗೆಯೂ ಮರಗಟ್ಟಿದೆಯಂತೆ ಎಂದು ಸುದ್ದಿ ಬಂತು. ಸುಳ್ಳು ಯಾಕೆ ಹೇಳಲಿ, ನನಗೆ ಹಬ್ಬವಾದಷ್ಟು ಸಂತೋಷವಾಯಿತು. ಅದರ ಮೇಲೆ ಇನ್ನೊಂದು ಸುದ್ದಿ, ಸಂಡೂರಿನ ಬೀಗರು ಹೊಸಪೇಟೆಗೆ ಯಾವುದೋ ಕೆಲಸಕ್ಕೆ ಬಂದವರು ಮಧ್ಯಾಹ್ನದ ಊಟಕ್ಕೆ ಅಕ್ಕನ ಮನೆಗೇ ಬರುತ್ತಾರೆ. ಬೀಗರ ಎದುರು ಅಕ್ಕನ ಅಡುಗೆಗೆ ಒಂದು ಕೊಂಕು ಇಲ್ಲದ ಊಟ! ನಾನು ಚಪ್ಪಲಿ ಮೆಟ್ಟಿಕೊಂಡು ಓಡಿದೆ.

ಭಾವ ಪಡಸಾಲೆಯಲ್ಲಿ ಕೆನ್ನೆ ಹಿಡಿದುಕೊಂಡು ಕೂತಿದ್ದರು. "ಹೆಂಗೈತ್ರಿ ಭಾವ? ಕಂಪ್ಲಿಯಾಗ ಹಲ್ಲು ಹಿಂಗ ಕೀಳ್ತಾರೇನು?" ಎಂದು ಚುಚ್ಚಿಯೇ ಒಳಗೆ ಹೋದೆ. ಅವರು ನನ್ನನ್ನು ನೋಡಿದ ರೀತಿ ಯಾಕೋ ಸಿಟ್ಟಿನದಾಗಿರಲಿಲ್ಲ.

ಅಕ್ಕ ಒಲೆಯ ಮುಂದೆ ನಿಂತಿದ್ದಳು. ಬಾಣಲೆಯಿಂದ ಆಗಷ್ಟೇ ತೆಗೆದ ರೆಕ್ಕೆಗಳು ತಟ್ಟೆಯಲ್ಲಿದ್ದವು. ಅವಳ ಕೈಯಲ್ಲಿ ಉಪ್ಪಿನ ಡಬ್ಬಿ. ಸಾರಿನ ಪಾತ್ರೆಯ ಮೇಲೆ ಕೈ ಒಯ್ಯುತ್ತಾಳೆ, ಹಿಂದಕ್ಕೆ ತೆಗೆಯುತ್ತಾಳೆ.

"ಹಾಯಾಗಿ ಅಡಿಗಿ ಮಾಡಕ್ಕ. ಇವತ್ತು ಹೆಸರಿಡೋರು ಯಾರೂ ಇಲ್ಲ" ಎಂದು ಒಂದು ರೆಕ್ಕೆ ಎತ್ತಿ ಬಾಯಿಗೆ ಹಾಕಿಕೊಂಡೆ. ಕಣ್ಣಲ್ಲಿ ನೀರು ಬಂತು. ಖಾರಕ್ಕಲ್ಲ. ಬಾಯಿಗೆ ಇಡಲಾಗದಷ್ಟು ಉಪ್ಪು.

"ಅಕ್ಕ, ಎರಡು ಸಲ ಹಾಕೀ ಏನು ಉಪ್ಪು? ನೀ ರುಚಿ ನೋಡಲಿಲ್ಲೇನು?"

ಅಕ್ಕ ಡಬ್ಬಿ ಕೆಳಗಿಟ್ಟು ಮಣೆಯ ಮೇಲೆ ಕುಸಿದಳು. ಸೆರಗಿನ ಅಂಚು ಬೆರಳಿಗೆ ಸುತ್ತುತ್ತಾ ಹೇಳಿದಳು.

"ನನಗ ರುಚಿ ಗೊತ್ತಾಗಂಗಿಲ್ಲೇ. ಆ ಜ್ವರ ಬಂತಲ್ಲ, ಅವಾಗಿಂದ. ವಾಸನೀನೂ ಇಲ್ಲ, ರುಚೀನೂ ಇಲ್ಲ. ಉಪ್ಪು ಹಾಕಿದ್ರೂ ಒಂದ, ಮಣ್ಣು ಹಾಕಿದ್ರೂ ಒಂದ."

ನಾನು ಕೈಯಲ್ಲಿದ್ದ ರೆಕ್ಕೆ ಕೆಳಗಿಟ್ಟೆ.

"ಯಾರಿಗೂ ಹೇಳಲಿಲ್ಲ. ಹೇಳಿದ್ರ ಪಾಪ ಅಂತಾರ. ಮಗಳು ಅಡಿಗಿಮನಿ ಬಿಡು ಅಂತಾಳ. ಅದೊಂದು ಬಿಟ್ರ ನನಗ ಏನೈತಿ ಹೇಳು? ನಿಮ್ಮ ಭಾವ ಅಂದ್ರು, ನೀ ಮಾಡು, ನಾ ಹೇಳ್ತೀನಿ ಅಂತ. ಮಂದಿ ಮುಂದ ಉಪ್ಪಿಲ್ಲ ಅಂದ್ರ ಎಲ್ಲಾರಿಗೂ ಗೊತ್ತಾಗ್ತೈತಿ. ಅದಕ್ಕ ಕಂಪ್ಲಿ ಹೆಸರು ಹೇಳ್ತಾರ. ಅವರು ಮೊದಲಿಂದ ಹಂಗ ಅಂತ ಯಾರೂ ತಲಿಗೆ ಹಾಕ್ಕೊಳ್ಳಂಗಿಲ್ಲ."

"ಆದ್ರ ಆ ಕಂಪ್ಲಿ ರೆಕ್ಕಿ ಅವರು ತಿಂದೇ ಇಲ್ಲಲ್ಲಕ್ಕ" ಅಂದೆ. ಆ ಹೊತ್ತಿನಲ್ಲೂ ನನ್ನ ವಾದ ಬಿಡಲಿಲ್ಲ, ನೋಡಿ.

"ಎಲ್ಲಿ ತಿಂದಾರ? ಮೊದಲ್ನೇ ಸಲ ಅವರು ರೆಕ್ಕಿ ತಿಂದಿದ್ದು ನಮ್ಮ ಮನ್ಯಾಗ, ಅಳಿಯ ಆಗಿ ಬಂದಾಗ. ನಾನ ಕರಿದಿದ್ದೆ. ಕಂಪ್ಲಿ ರುಚಿ ಅಂತ ಅವರು ಅನ್ನೋದು ನನ್ನ ಕೈ ರುಚೀನ. ನನಗ ಮರ್ತು ಹೋಗೈತಿ. ಅವರು ನೆನಪಿಟ್ಕೊಂಡು ಹೇಳ್ತಾರ."

ಬಾಗಿಲಲ್ಲಿ ಸದ್ದಾಯಿತು. ಭಾವ ಗೋಡೆ ಹಿಡಿದುಕೊಂಡು ಬಂದರು. ಬಾಯಿಯ ಹತ್ತಿ ಒಂದು ಪಕ್ಕಕ್ಕೆ ಸರಿಸಿ, ಸಾರಿಗೆ ಬೆರಳದ್ದಿ ನಾಲಿಗೆಗೆ ಇಟ್ಟುಕೊಂಡರು. ಕಣ್ಣು ಮುಚ್ಚಿದರು. ಮತ್ತೊಮ್ಮೆ ಇಟ್ಟುಕೊಂಡರು. ತಲೆ ಅಲ್ಲಾಡಿಸಿದರು. ಮರಗಟ್ಟಿದ ನಾಲಿಗೆಗೆ ಏನು ತಿಳಿಯಬೇಕು? ಜಗತ್ತಿನ ಊಟಕ್ಕೆಲ್ಲ ಹೆಸರಿಟ್ಟ ಮನುಷ್ಯ ಕೈಯಾಡಿಸಿ, ಅಕ್ಕನ ಮುಖ ನೋಡಲಾರದೆ ನಿಂತಿದ್ದರು. ಹೊರಗೆ ಕಾರು ನಿಂತ ಸದ್ದು ಕೇಳಿತು. ಭಾವ ಸೌಟು ತೆಗೆದು ನನ್ನ ಕೈಗೆ ಕೊಟ್ಟು, ಹೆಬ್ಬೆರಳಿನಿಂದ ಕಂಪ್ಲಿ ರಸ್ತೆಯ ಕಡೆ ತೋರಿಸಿ, ನನ್ನ ಕಡೆ ತೋರಿಸಿದರು.

ಸಾರಿನ ರುಚಿ ನೋಡಲು ಸಮಯವೆಲ್ಲಿತ್ತು? ಇನ್ನೂ ಕರಿಯದೆ ಉಳಿದಿದ್ದ ರೆಕ್ಕೆಗಳನ್ನು ತೊಳೆದು, ಬೇರೆ ಮಸಾಲೆ ಸವರಿ, ಅಕ್ಕಿಹಿಟ್ಟು ಹಾಕಿ ಅಕ್ಕನ ಕೈಗೆ ಕೊಡುವಷ್ಟರಲ್ಲಿ ಬೀಗರು ಕೈಕಾಲು ತೊಳೆದು ಕೂತಾಗಿತ್ತು. ಬೀಗಿತ್ತಿ, "ರೆಕ್ಕಿ ಬೀಗರು ಇವತ್ತು ಮಾತಾಡಂಗಿಲ್ಲಂತ, ಊಟ ಸಪ್ಪಗಾಗ್ತೈತಿ ಬಿಡ್ರಿ" ಎಂದು ನಗಾಡಿದರು. ಅಕ್ಕ ಎಲ್ಲರಿಗೂ ಮುದ್ದೆ ಇಟ್ಟು, ಕೋಳಿ ಸಾರು ಬಡಿಸಿದಳು. ಬಡಿಸಿ, ಎಂದಿನ ಹಾಗೆ ಸೆರಗು ಹಿಡಿದುಕೊಂಡು ನಿಂತಳು.

ಬೀಗರು ಒಂದು ತುತ್ತು ನುಂಗಿ ತಡೆದರು. ಬೀಗಿತ್ತಿಯ ಮುಖ ನೋಡಿದರು. ಬೀಗಿತ್ತಿ ತಟ್ಟೆ ನೋಡಿದರು. ನಾನು ಸಾರು ಬಾಯಿಗಿಟ್ಟೆ. ಉಪ್ಪೇ ಇರಲಿಲ್ಲ. ತಲೆ ಎತ್ತಿದರೆ ಎದುರಿಗೆ ಭಾವ, ಊದಿದ ಕೆನ್ನೆ, ಹತ್ತಿ ತುಂಬಿದ ಬಾಯಿ. ಎರಡು ಕಣ್ಣೂ ನನ್ನ ಮೇಲೆ. ಆ ಮನುಷ್ಯ ಇಷ್ಟು ವರ್ಷದಿಂದ ಎಲ್ಲರಿಂದ ಬೈಸಿಕೊಂಡು, ಮುಖ್ಯವಾಗಿ ನನ್ನಿಂದ ಬೈಸಿಕೊಂಡು, ಮಾಡುತ್ತಾ ಬಂದ ಕೆಲಸ ಏನೆಂದು ನನಗೆ ಆಗ ತಿಳಿಯಿತು.

"ಏನಕ್ಕ ಇದು" ಅಂದೆ, ಆದಷ್ಟು ಕೊಂಕಾಗಿ. "ಕಂಪ್ಲಿಯಾಗ ಹಿಂಗ ಮಾಡಂಗಿಲ್ಲ. ಉಪ್ಪು ಇನ್ನೊಂಚೂರು ಮುಂದ ಇರ್ತೈತಿ."

ಬೀಗಿತ್ತಿ ಬಿದ್ದು ಬಿದ್ದು ನಕ್ಕರು. "ಅಯ್ಯ, ಇವರಿಗೂ ಹಿಡೀತು ನೋಡ್ರಿ ಕಂಪ್ಲಿ!"

ಭಾವ ಹತ್ತಿಯ ಸಂದಿಯಿಂದ ಏನೋ ಅಂದರು. ಅದು ಮಾತೋ ನಗುವೋ ಯಾರಿಗೂ ತಿಳಿಯಲಿಲ್ಲ. ಟವೆಲ್ಲಿನಲ್ಲಿ ಮುಖ ಒರೆಸಿಕೊಂಡರು. ಅಕ್ಕ ನನ್ನನ್ನು ಒಂದು ಗಳಿಗೆ ನೋಡಿ, ಒಳಗೆ ಹೋಗಿ, ಉಪ್ಪಿನ ಡಬ್ಬಿ ತಂದಳು.